ಹರಿಹರದ ಕ್ರಿಸ್ತಜಯಂತಿ ಮತ್ತು ಕೊಡುಗೆಯ ಪರಂಪರೆ
ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ಹರಿಹರದಲ್ಲಿಯೂ, ರಾಜನಹಳ್ಳಿ ಹನುಮಂತಪ್ಪನವರ ಛತ್ರದಂತಹ, ಅಂದರೆ ದಾರಿಹೋಕರಿಗೆ ತಂಗಲು ಆಸರೆಯಾಗುವ, ಧರ್ಮಸಂಸ್ಥೆಗಳನ್ನು ವರ್ತಕರು ಸ್ಥಾಪಿಸಿದ ದಾವಣಗೆರೆಯಲ್ಲಿಯೂ ದಾನವು ಊರಿನ ಬದುಕಿನ ಭಾಗವೇ ಆಗಿತ್ತು. ಹರಿಹರದ ಆರೋಗ್ಯಮಾತೆಯ ಚರ್ಚು, ಅನ್ಯಧರ್ಮೀಯರೂ ಹರಕೆ ಹೊತ್ತು ಬರುವ ಈ ಕ್ಷೇತ್ರವು, 2019ರಲ್ಲಿ ಕಿರು ಬಸಿಲಿಕಾ, ಎಂದರೆ ಪೋಪರಿಂದ ವಿಶೇಷ ಗೌರವ ಪಡೆದ ದೇವಾಲಯ, ಎನಿಸಿತು.

ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಕೊನೆಗೆ ಕ್ರಿಸ್ತಜಯಂತಿಗಾಗಿ ಗೋದಲಿ, ಅಂದರೆ ಯೇಸು ಜನಿಸಿದ ದನದ ಕೊಟ್ಟಿಗೆಯ ಪ್ರತಿಕೃತಿ, ಹುಲ್ಲು ಹಾಗೂ ಮಣ್ಣಿನ ಗೊಂಬೆಗಳಿಂದ ಸಿದ್ಧವಾಗುತ್ತದೆ. ಬಾಗಿಲಲ್ಲಿ ಕಾಗದದ ನಕ್ಷತ್ರ ತೂಗುತ್ತದೆ. ಕೇಕು, ಕರ್ಜಿಕಾಯಿ, ಎಣ್ಣೆಯಲ್ಲಿ ಕರಿದ ಸಿಹಿತಿನಿಸಾದ ಕಲ್‌ಕಲ್ ತುಂಬಿದ ತಟ್ಟೆಗಳು ನೆರೆಮನೆಗಳಿಗೆ ಹೋಗುತ್ತವೆ. ದೊಡ್ಡ ದತ್ತಿಗಳಿಗೆ ಶಾಸನಗಳೂ ನಾಮಫಲಕಗಳೂ ಸಾಕ್ಷಿಯಾಗಿರುವಾಗ, ಬರವಣಿಗೆಗೆ ಸಿಗದ ಈ ತಟ್ಟೆಗಳನ್ನೂ ಇತಿಹಾಸಕಾರರು ಅಷ್ಟೇ ಗೌರವದಿಂದ ಗಮನಿಸಬೇಕು, ಏಕೆಂದರೆ ದೀಪಾವಳಿಗೂ ರಂಜಾನಿಗೂ ಅದೇ ಓಣಿಯಲ್ಲಿ ಇಂಥವೇ ತಟ್ಟೆಗಳು ಮರಳಿ ಬರುತ್ತವೆ.