ಕಡಲಿನಲ್ಲಿ ನೆಲೆಯನ್ನರಿತ ಬಗೆ

ಕಳೆದ ವರ್ಷ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ನಾವು ಬೇಕಲದ ಕೋಟೆಗೆ ಹೋಗಿದ್ದೆವು. ಬುರುಜಿನ ಮೇಲೆ ನಿಂತು ಪಡುಗಡಲನ್ನು ನೋಡುತ್ತಿದ್ದಾಗ, ದೂರದಲ್ಲಿ ಸಾಗುತ್ತಿದ್ದ ಹಡಗೊಂದನ್ನು ತೋರಿಸಿ ಐದನೆಯ ತರಗತಿಯ ಹುಡುಗನೊಬ್ಬನು, "ದಾರಿಯಲ್ಲಾದರೆ ಮೈಲಿಗಲ್ಲು ಇದೆ, ನೀರಿನ ಮೇಲೆ ತಾವೆಲ್ಲಿದ್ದೇವೆಂದು ಅವರಿಗೆ ತಿಳಿಯುವುದು ಹೇಗೆ?" ಎಂದು ಕೇಳಿದನು. "ದಿಕ್ಸೂಚಿಯಿಂದ" ಎಂದು ನಾವು ಥಟ್ಟನೆ ಉತ್ತರವಿತ್ತೆವು. ಆ ಉತ್ತರವು ಸರಿಯಲ್ಲವೆಂದು ಮನೆಗೆ ಬಂದ ಮೇಲೆ ಹೊಳೆಯಿತು. ದಿಕ್ಸೂಚಿಯು ಹೋಗಬೇಕಾದ ದಿಕ್ಕನ್ನು ತೋರೀತೇ ಹೊರತು, ಇರುವ ಸ್ಥಳವನ್ನು ತಾನಾಗಿ ಹೇಳದು. ಆ ಹುಡುಗನಿಗೆ ಸಲ್ಲಬೇಕಾದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇವೆ.

ನಡುಗಡಲೇ ಭಯಂಕರವೆಂದು ನೆಲದ ಮೇಲಿರುವ ನಾವು ಭಾವಿಸುತ್ತೇವೆ. ಆದರೆ ಅಲ್ಲಿ ನಾಲ್ಕಾರು ಹರದಾರಿ ಲೆಕ್ಕ ತಪ್ಪಿದರೂ ಹಡಗಿಗೆ ಕೇಡಿಲ್ಲ. ಬಂಡೆ, ದಿಬ್ಬ, ಅಳಿವೆಗಳಿರುವ ತೀರದ ಬಳಿ ಒಂದು ಫರ್ಲಾಂಗಿನ ತಪ್ಪೂ ಪ್ರಾಣಾಂತಕ. 1707ರಲ್ಲಿ ಇಂಗ್ಲೆಂಡಿನ ನೌಕಾಧಿಪತಿ ಕ್ಲೌಡ್ಸ್‌ಲಿ ಶವೆಲ್ ಎಂಬವನ ಪಡೆಯು ಸ್ವದೇಶಕ್ಕೆ ಮರಳುತ್ತ, ತಾನಿರುವ ಸ್ಥಳವನ್ನು ತಪ್ಪಾಗಿ ತಿಳಿದು ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿಯಿತು. ನಾಲ್ಕು ಹಡಗುಗಳು ಮುಳುಗಿ, ಸಾವಿರಕ್ಕೂ ಮಿಕ್ಕಿದ ಜನ ಒಂದೇ ರಾತ್ರಿಯಲ್ಲಿ ಮಡಿದರು.

ಹಿಂದಿನವರು ನೆಲೆಯನ್ನರಿಯಲು ಕಣ್ಣು, ಕೈ, ಅನುಭವಗಳನ್ನೇ ನಂಬಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥವು, ಕಡಲ ಹಾವುಗಳು ಕಂಡರೆ ಭಾರತದ ತೀರವು ಸಮೀಪಿಸಿತೆಂದು ತಿಳಿಯಬೇಕೆಂದು ನಾವಿಕರಿಗೆ ಸೂಚಿಸುತ್ತದೆ. ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಆಳವನ್ನು ಮಾರುಗಳಲ್ಲಿ ಅಳೆಯುತ್ತಿದ್ದರು. ಗುಂಡಿನ ತಳಕ್ಕೆ ಕೊಬ್ಬನ್ನು ಮೆತ್ತಿದರೆ ಮರಳೋ, ಕೆಸರೋ, ಚಿಪ್ಪೋ ಅಂಟಿಕೊಂಡು ಬಂದು ತಳದ ಗುರುತು ಸಿಗುತ್ತಿತ್ತು. ಅರಬ್ಬೀ ನಾವಿಕರ 'ಕಮಾಲ್' ಎಂಬ ಸಾಧನವು ಗಂಟುಗಳಿರುವ ದಾರವನ್ನು ಪೋಣಿಸಿದ ಒಂದು ಮರದ ಹಲಗೆ ಮಾತ್ರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವಂತೆ ಹಿಡಿದರೆ ಅಕ್ಷಾಂಶವು ಗೊತ್ತಾಗುತ್ತಿತ್ತು. ಮಲಬಾರಿನ ತೀರವು ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿ ಹಬ್ಬಿರುವುದರಿಂದ, ಬೇಕಾದ ರೇವಿನ ಅಕ್ಷಾಂಶವನ್ನು ಸೇರಿ ನೇರ ಮೂಡಲಿಗೆ ನಡೆದರೆ ರೇವಿನ ಆಸುಪಾಸಿಗೆ ಬಂದಂತಾಯಿತು. ಆದರೆ ಆಸುಪಾಸು ಎಂಬುದು ರೇವಲ್ಲ.

ಇದಕ್ಕೆ ನಮ್ಮ ನೆರೆಯ ಕಡಲೇ ಸಾಕ್ಷಿ. ವಾಸ್ಕೋ ಡ ಗಾಮನು ಆಫ್ರಿಕದ ಮಲಿಂದಿಯಿಂದ ಮಾರ್ಗದರ್ಶಿಯೊಬ್ಬನನ್ನು ಪಡೆದು, 1498ರ ಮೇ 18ರಂದು ಎತ್ತರವಾದ ಬೆಟ್ಟಗಳನ್ನು ಕಂಡನು. ಅದು ಕಣ್ಣನೂರಿನ ಉತ್ತರದ ಏಳಿಮಲೆಯಿರಬೇಕೆಂದು ವಿದ್ವಾಂಸರ ಊಹೆ. ಗುಂಡನ್ನಿಳಿಸಿದಾಗ 45 ಮಾರು ಆಳ ಸಿಕ್ಕಿತೆಂದು ಆ ಯಾತ್ರೆಯ ದಿನಚರಿ ಹೇಳುತ್ತದೆ. ಅಪರಿಚಿತ ತೀರದ ಬಳಿ ಇರುಳು ಕಳೆಯುವುದು ಸಲ್ಲದೆಂದು ಹಡಗುಗಳನ್ನು ಹೊರಗಡಲಿಗೆ ತಿರುಗಿಸಿದರು. ಮರುದಿನ ಗುಡುಗು ಮಳೆಯ ಮಬ್ಬಿನಲ್ಲಿ ಮಾರ್ಗದರ್ಶಿಗೆ ಯಾವ ಗುರುತೂ ಹತ್ತಲಿಲ್ಲ. ಮೂರನೆಯ ದಿನ ಬೆಟ್ಟಗಳನ್ನು ಗುರುತಿಸಿ, ಇದೇ ಕಲ್ಲಿಕೋಟೆಯ ಸೀಮೆಯೆಂದು ಸಾರಿದನು. ಲಂಗರು ಬಿದ್ದಿತು. ಆದರೆ ಅದು ಕಲ್ಲಿಕೋಟೆಯಲ್ಲ, ಕಾಪ್ಪಾಡು! ದೋಣಿಯಲ್ಲಿ ಬಂದ ಊರವರು ಕಲ್ಲಿಕೋಟೆಯನ್ನು ಕೈತೋರಿಸಬೇಕಾಯಿತು. ಮಹಾಸಾಗರವನ್ನು ದಾಟಿಸಿದ ಜಾಣನು ಕಡೆಯ ಕೆಲವು ಮೈಲಿಗಳಲ್ಲಿ ಎಡವಿದನು.

ಈ ಕಡೆಯ ಮೈಲಿಗಳಿಗೆ ಮದ್ದಾದುದು ರೇಖಾಗಣಿತ. ಹಡಗಿನಿಂದ ಒಂದು ಬೆಟ್ಟದ ದಿಕ್ಕನ್ನು ದಿಕ್ಸೂಚಿಯಿಂದ ನೋಡಿ, ನಕ್ಷೆಯಲ್ಲಿ ಆ ಬೆಟ್ಟದಿಂದ ಹಿಮ್ಮುಖವಾಗಿ ಗೆರೆಯೆಳೆದರೆ, ಹಡಗು ಆ ಗೆರೆಯ ಮೇಲೆ ಎಲ್ಲಿಯೋ ಇದೆ. ದೀಪಸ್ತಂಭವೊಂದರಿಂದ ಇನ್ನೊಂದು ಗೆರೆಯೆಳೆದರೆ ಎರಡೂ ಕೂಡುವಲ್ಲಿ ಹಡಗು. ಮೂರನೆಯ ಗೆರೆಯೇಕೆ? ಪರೀಕ್ಷೆಗಾಗಿ. ಮೂರೂ ಒಂದೇ ಬಿಂದುವಿನಲ್ಲಿ ಕೂಡದೆ ತ್ರಿಕೋನವಾದರೆ, ಎಲ್ಲಿಯೋ ತಪ್ಪಿದೆಯೆಂದು ತ್ರಿಕೋನವೇ ಎಚ್ಚರಿಸುತ್ತದೆ. ಮುಂದೆ ದಿಕ್ಸೂಚಿಯ ದೋಷವನ್ನೂ ತಪ್ಪಿಸಲು, ಮೂರು ಗುರುತುಗಳ ನಡುವಣ ಎರಡು ಕೋನಗಳನ್ನು ಸೆಕ್ಸ್‌ಟೆಂಟಿನಿಂದ ಅಳೆಯುವ ಕ್ರಮವು ಬಳಕೆಗೆ ಬಂದಿತು. ಸ್ಕಾಟ್ಲೆಂಡಿನ ಮರ್ಡಕ್ ಮೆಕೆಂಜಿಯು 1774ರಲ್ಲಿ ಸಮುದ್ರದ ಮೋಜಣಿಯನ್ನು ಕುರಿತು ಗ್ರಂಥವನ್ನೇ ಬರೆದನು.

ಆದರೆ ನಕ್ಷೆಯಲ್ಲಿ ಬೆಟ್ಟವೇ ತಪ್ಪು ಸ್ಥಳದಲ್ಲಿದ್ದರೆ ಗೆರೆಗಳಿಂದೇನು ಫಲ? 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನಳೆದ ವಿಲಿಯಂ ಲ್ಯಾಂಬ್ಟನ್, ತ್ರಿಕೋನಗಳನ್ನು ಹೆಣೆಯುತ್ತ ಪಡುವಣ ತೀರಕ್ಕೆ ಬಂದಾಗ, 400 ಮೈಲಿಯೆಂದು ನಂಬಿದ್ದ ಅಗಲವು 360 ಮೈಲಿ ಮಾತ್ರವೆಂದು ತಿಳಿಯಿತು. ನಲವತ್ತು ಮೈಲಿಗಳು ನಕ್ಷೆಯಿಂದ ಮಾಯವಾದವು! ಕಡಲಿನಿಂದ ಕುದುರೆಯ ಮೋರೆಯಂತೆ ತೋರುವ ಕುದುರೆಮುಖವೂ, ಏಳಿಮಲೆಯೂ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವೂ ನಾವಿಕನಿಗೆ ನೆರವಾಗುವುದು, ನೆಲದ ಮೇಲೆ ಅಳೆದವರ ಶ್ರಮದಿಂದ.

ಈಗ ಕೃತಕ ಉಪಗ್ರಹಗಳು ಹಡಗಿನ ನೆಲೆಯನ್ನು ಕ್ಷಣಕ್ಷಣವೂ ಹೇಳುತ್ತವೆ. ಹಾಗೆಂದು ಕಣ್ಣಿಗೆ ಕೆಲಸ ತಪ್ಪಿಲ್ಲ. 1995ರ ಜೂನ್ 10ರಂದು 'ರಾಯಲ್ ಮೆಜೆಸ್ಟಿ' ಎಂಬ ಪ್ರಯಾಣಿಕರ ಹಡಗು ಅಮೆರಿಕದ ನಾಂಟಕೆಟ್ ಬಳಿ ದಿಬ್ಬವೇರಿ ನಿಂತಿತು. ಉಪಗ್ರಹದ ಸಂಕೇತವನ್ನು ತರುವ ತಂತಿ ಕಳಚಿ ಒಂದು ದಿನಕ್ಕೂ ಮಿಕ್ಕಿತ್ತು. ಹಡಗು ಸುಮಾರು 17 ಮೈಲಿ ದಾರಿ ತಪ್ಪಿತ್ತು. ಕಾವಲಿನವರು ಕಂಡ ಬೇರೊಂದು ತೇಲುಗುರುತನ್ನೇ ತಾವು ಎದುರುನೋಡುತ್ತಿದ್ದ ಗುರುತೆಂದು ಎಣಿಸಿದ್ದರು. ಕಾಪ್ಪಾಡನ್ನು ಕಲ್ಲಿಕೋಟೆಯೆಂದವನಿಗೂ ಇವರಿಗೂ ಸುಮಾರು ಐದುನೂರು ವರ್ಷಗಳ ಅಂತರವಿದ್ದರೂ ತಪ್ಪು ಒಂದೇ: ಕಾಣಬೇಕೆಂದುಕೊಂಡುದನ್ನೇ ಕಂಡೆವೆಂದು ನಂಬಿದುದು.

ಬಳಿಕ ನಾವು ಶಾಲೆಯ ಅಂಗಳದ ನಕ್ಷೆಯನ್ನು ಬರೆದು, ಧ್ವಜಸ್ತಂಭ, ಹಲಸಿನ ಮರ, ಬಾವಿ ಇವುಗಳ ದಿಕ್ಕನ್ನು ಆ ಹುಡುಗನಿಂದಲೇ ನೋಡಿಸಿ ಗೆರೆಯೆಳೆಸಿದೆವು. ಗೆರೆಗಳು ಕೂಡಲಿಲ್ಲ, ದೊಡ್ಡ ತ್ರಿಕೋನವೇ ಆಯಿತು. ಹುಡುಗನು ಮತ್ತೆ ನೋಡಿದನು, ಅದೇ ತ್ರಿಕೋನ. ಕಡೆಗೆ ಹಗ್ಗ ಹಿಡಿದು ಅಳೆದಾಗ, ನಕ್ಷೆಯಲ್ಲಿ ಬಾವಿಯನ್ನು ನಾವೇ ತಪ್ಪಾಗಿ ಗುರುತಿಸಿದ್ದುದು ಕಂಡುಬಂದಿತು. ಬಾವಿಯನ್ನು ಸರಿಪಡಿಸಿದೆವು; ಮೂರು ಗೆರೆಗಳೂ ಹುಡುಗನು ನಿಂತಿದ್ದೆಡೆಯಲ್ಲಿ ಕೂಡಿದವು.