ಗುರುಗ್ರಹದ ಗರಗರ ಸದ್ದು

ಕಲಾಸಿಪಾಳ್ಯದ ಬಸ್ ನಿಲ್ದಾಣದ ಬಳಿ ನಿಂತು ಶಾರ್ಟ್‌ವೇವ್ ರೇಡಿಯೊ ಹಚ್ಚಿ ನೋಡಿ. ಮಾತಿಗಿಂತ ಗರಗರ ಸದ್ದೇ ಹೆಚ್ಚು. ಆಟೊ, ಸ್ಕೂಟರುಗಳ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೊ ಅಲೆಗಳೂ ಹೊರಡುತ್ತವೆ. (ಡೀಸೆಲ್ ಲಾರಿಗಳ ಮೇಲೆ ಈ ದೂರು ಹೊರಿಸಬೇಡಿ, ಅವಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ.) ಮಹಡಿಯ ಮೇಲೆ ಆಂಟೆನಾ ಕಟ್ಟುತ್ತಿದ್ದ ಕಾಲದಲ್ಲಿ, ಬೀದಿಯಲ್ಲಿ ಸ್ಕೂಟರ್ ಹೋದರೆ ಟಿ.ವಿ. ಪರದೆಯ ಮೇಲೆ ಚುಕ್ಕಿಗಳು ಹಾರುತ್ತಿದ್ದುದೂ ಇದರಿಂದಲೇ.

1955ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಅವರಿಗೂ ಇಂಥದೇ ಅನುಮಾನ ಬಂತು. ವಾಷಿಂಗ್ಟನ್ ಸಮೀಪದ ಹೊಲವೊಂದರಲ್ಲಿ ತಂತಿಗಳನ್ನು ಕಟ್ಟಿ, 22.2 ಮೆಗಾಹರ್ಟ್ಸ್‌ನಲ್ಲಿ ಅವರು ಆಕಾಶವನ್ನು ಆಲಿಸುತ್ತಿದ್ದರು. ಕಾಗದದ ಮೇಲೆ ಆಗಾಗ ಗೀಚಿದಂಥ ಗುರುತು ಬೀಳುತ್ತಿತ್ತು. ರಾತ್ರಿ ತಡವಾಗಿ ಮನೆಗೆ ಮರಳುವ ಯಾವನೋ ಹೊಲದಾಳಿನ ಗಾಡಿಯ ಕಿಡಿ ಇರಬೇಕು ಎಂದುಕೊಂಡರಂತೆ! ಆದರೆ ಕಾಗದಗಳನ್ನೆಲ್ಲ ಒಟ್ಟಿಗೆ ಹರಡಿದಾಗ, ಸದ್ದು ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಬರುತ್ತಿರುವುದು ಕಂಡಿತು. ನಕ್ಷತ್ರಗಳು ಮೂಡುವುದೂ ಹಾಗೆಯೇ. ಹೊಲದಾಳು ನಕ್ಷತ್ರ ನೋಡಿಕೊಂಡು ಮನೆಗೆ ಹೊರಡುತ್ತಾನೆಯೇ? ಅಷ್ಟೇ ಅಲ್ಲ, ಸದ್ದಿನ ಮೂಲ ನಕ್ಷತ್ರಗಳ ನಡುವೆ ಮೆಲ್ಲಗೆ ಸರಿಯುತ್ತಿತ್ತು, ಗುರುಗ್ರಹ ಸರಿದಂತೆಯೇ.

ಈ ಸುದ್ದಿ ತಿಳಿದ ಮೇಲೆ ಆಸ್ಟ್ರೇಲಿಯದ ಶೇನ್ ತಮ್ಮ 1950-51ರ ದಾಖಲೆಗಳನ್ನು ತೆಗೆದು ನೋಡಿದರು. ಗುರು ಅಲ್ಲೂ ಇದ್ದ! ಯಾರೂ ಗುರುತಿಸಿರಲಿಲ್ಲ, ಅಷ್ಟೆ.

ಸದ್ದು ಹುಟ್ಟುವುದು ಹೇಗೆ? ಗುರುವಿನ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಸುರುಳಿ ಸುತ್ತುತ್ತ ಧ್ರುವಗಳತ್ತ ಧಾವಿಸುತ್ತವೆ. ಅವು ವಾತಾವರಣಕ್ಕೆ ಬಡಿದರೆ ಧ್ರುವಪ್ರಭೆ. ಸುತ್ತುವಾಗ ರೇಡಿಯೊ ಅಲೆ. ಒಂದು ಗಾಸ್ ಕಾಂತಬಲಕ್ಕೆ 2.8 ಮೆಗಾಹರ್ಟ್ಸ್ ಎಂಬುದು ಲೆಕ್ಕ. ಗುರುವಿನ ಈ ಸದ್ದು 40 ಮೆಗಾಹರ್ಟ್ಸ್ ಹತ್ತಿರ ನಿಂತುಬಿಡುತ್ತದೆ. ಭಾಗಿಸಿ ನೋಡಿ: ಸುಮಾರು 14 ಗಾಸ್. ಭೂಮಿಯದು ಅರ್ಧ ಗಾಸ್‌ನ ಆಸುಪಾಸು. ಪಯೊನೀರ್ 10 ನೌಕೆ ಗುರುವನ್ನು ಸಮೀಪಿಸಿದ್ದು 1973ರಲ್ಲಿ. ಅಲ್ಲೊಂದು ಬಲವಾದ ಕಾಂತಕ್ಷೇತ್ರ ಇದೆಯೆಂದು ರೇಡಿಯೊ ಅದಕ್ಕೂ ಮೊದಲೇ ಹೇಳಿತ್ತು. ಉಪಗ್ರಹ ಅಯೋ ಎಲ್ಲಿದೆ ಎಂಬುದರ ಮೇಲೆ ಸದ್ದಿನ ಸಾಧ್ಯತೆ ಏರಿಳಿಯುತ್ತದೆ ಎಂದು 1964ರಲ್ಲಿ ಬಿಗ್ ತೋರಿಸಿದರು.

ನಮ್ಮಲ್ಲೂ ಇಂಥ ಅಲೆಗಳಿಗೆ ಕಿವಿಗೊಟ್ಟವರಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ, ನಗರದ ಗದ್ದಲದಿಂದ ದೂರ, ಗೌರಿಬಿದನೂರಿನಲ್ಲಿ 1976ರಲ್ಲಿ 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕವನ್ನು ಆರಂಭಿಸಿದವು. ಇಂಗ್ಲಿಷಿನ ಟಿ ಅಕ್ಷರದಂತೆ 1000 ಆಂಟೆನಾಗಳು. ಪೂರ್ವ-ಪಶ್ಚಿಮ ತೋಳೇ 1.4 ಕಿ.ಮೀ. ಉದ್ದ! ದ್ವಾರಕಾನಾಥ್ ಮತ್ತು ಉದಯಶಂಕರ್ ಅದರಿಂದ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು.

ನೀವೂ ಪ್ರಯತ್ನಿಸಬಹುದು. ಗುರು ನೆತ್ತಿಯ ಮೇಲಿರುವ ರಾತ್ರಿ, ಊರಾಚೆ, ಉದ್ದನೆಯ ತಂತಿಯ ಆಂಟೆನಾ ಕಟ್ಟಿ ರೇಡಿಯೊವನ್ನು 20 ಮೆಗಾಹರ್ಟ್ಸ್ ಸುಮಾರಿಗೆ ತಿರುಗಿಸಿ. ಕಡಲ ತೆರೆ ದಡಕ್ಕೆ ಬಂದು ಹಿಂದೆ ಸರಿದಂಥ ಸದ್ದು ಕೇಳಿದರೆ, ಮೊದಲು ಗಡಿಯಾರ ನೋಡಿ ವೇಳೆ ಬರೆದಿಟ್ಟುಕೊಳ್ಳಿ.