ಜೀವ ತೆಗೆದು ಕೊಟ್ಟ ಕಾರುಗಳು

ಹಳೆಯ ಹೊಲಿಗೆ ಯಂತ್ರವನ್ನೋ ಸೈಕಲನ್ನೋ ಇಲ್ಲದವರಿಗೆ ಕೊಡುವ ಮುನ್ನ ನಮ್ಮ ಹಿರಿಯರು ಅದಕ್ಕೆ ಎಣ್ಣೆ ಬಿಟ್ಟು ಒಮ್ಮೆ ಓಡಿಸಿ ನೋಡುತ್ತಿದ್ದರು. ಕೆಟ್ಟದ್ದನ್ನು ಕೊಟ್ಟರೆ ಅದು ದಾನವಲ್ಲ, ಮನೆಯ ಕಸವನ್ನು ಪಕ್ಕದ ಮನೆಗೆ ಸಾಗಿಸಿದಂತೆ ಎಂಬ ಅಳುಕು ಅವರಿಗಿತ್ತು. ಆದರೆ ಚೆನ್ನಾಗಿ ಓಡುತ್ತಿದ್ದ ಕಾರುಗಳನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿ ದಾನ ಮಾಡಿದ ಪ್ರಸಂಗವೊಂದು ಇತಿಹಾಸದಲ್ಲಿದೆ. ಅದು ನಡೆದದ್ದು ಅಮೆರಿಕದಲ್ಲಿ.

ಹಳೆಯ ಕಾರನ್ನು ಧರ್ಮಾರ್ಥ ಸಂಸ್ಥೆಗೆ ಕೊಡುವುದು ಅಲ್ಲಿ ಸಾಮಾನ್ಯ ರೂಢಿ. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಒಂದು ಕಾಲದಲ್ಲಿ ಕಾರಿನ ಬೆಲೆ ಎಷ್ಟೆಂದು ಹೇಳುತ್ತಿದ್ದವರೂ ಕೊಟ್ಟವರೇ! ಆ ದೇಶದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2003ರಲ್ಲಿ 54 ದಾನಗಳನ್ನು ಬೆನ್ನು ಹತ್ತಿ ನೋಡಿದಾಗ, ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ಸಂಸ್ಥೆಯ ಕೈಸೇರಿದ್ದು ದಾನಿ ತೋರಿಸಿದ ಬೆಲೆಯ ಶೇ. 5 ಅಥವಾ ಅದಕ್ಕಿಂತ ಕಡಿಮೆ ಎಂದು ತಿಳಿದುಬಂತು. 2004ರಲ್ಲಿ ಕಾನೂನು ಬಿಗಿಯಾಯಿತು. ಸಂಸ್ಥೆ ಕಾರನ್ನು ಮಾರಿಬಿಟ್ಟರೆ, ಮಾರಿ ಬಂದ ಹಣಕ್ಕಷ್ಟೇ ವಿನಾಯಿತಿ ಎಂಬುದು ಸಾಮಾನ್ಯ ನಿಯಮವಾಯಿತು.

ನಾವು ಹೇಳಹೊರಟಿರುವ ದಾನ ನಡೆದದ್ದೂ ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ. ದಾನಿ ಸಾಮಾನ್ಯನಲ್ಲ, ಜನರಲ್ ಮೋಟಾರ್ಸ್ ಕಂಪೆನಿ.

1990ರಲ್ಲಿ ಆ ಕಂಪೆನಿ 'ಇಂಪ್ಯಾಕ್ಟ್' ಎಂಬ ವಿದ್ಯುತ್ ಕಾರಿನ ಮಾದರಿಯನ್ನು ಪ್ರದರ್ಶಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ವಾಯುಮಂಡಳಿ, ದೊಡ್ಡ ಕಂಪೆನಿಗಳು ಅಲ್ಲಿ ಮಾರುವ ಕಾರುಗಳಲ್ಲಿ 1998ರ ವೇಳೆಗೆ ಶೇ. 2, 2003ರ ವೇಳೆಗೆ ಶೇ. 10 ಹೊಗೆ ಉಗುಳದವು ಆಗಿರಬೇಕೆಂದು ಆಜ್ಞೆ ಹೊರಡಿಸಿತು. 1996ರ ಡಿಸೆಂಬರಿನಲ್ಲಿ 'ಇವಿ1' ರಸ್ತೆಗಿಳಿಯಿತು. 1999ರವರೆಗೆ ತಯಾರಾದದ್ದು ಒಟ್ಟು 1,117 ಕಾರುಗಳು. ಮೊದಲ ಕಾರುಗಳಲ್ಲಿ ಇದ್ದದ್ದು ನಮ್ಮ ಸ್ಕೂಟರು, ಲಾರಿಗಳಲ್ಲಿರುವಂಥ ಸೀಸದ ಬ್ಯಾಟರಿಗಳೇ.

ಆದರೆ ಈ ಕಾರನ್ನು ಯಾರಿಗೂ ಮಾರಲಿಲ್ಲ, ಲೀಸ್‌ಗೆ ಮಾತ್ರ ಕೊಟ್ಟರು. ಬೆಂಗಳೂರಿನಲ್ಲಿ ಮನೆ ಲೀಸ್‌ಗೆ ಹಿಡಿದವರು ಬಿಟ್ಟು ಹೋಗುವಾಗ ಕೊಟ್ಟ ಹಣ ಎಣಿಸಿಕೊಂಡು ಹೋಗುತ್ತಾರೆ. ಇಲ್ಲಿ ಹಾಗಲ್ಲ. ತಿಂಗಳಿಗೆ 399ರಿಂದ 549 ಡಾಲರಿನಷ್ಟು ಬಾಡಿಗೆ ಕಟ್ಟಬೇಕು, ಅವಧಿ ಮುಗಿದಾಗ ಕಾರು ಹಿಂದಿರುಗಿಸಬೇಕು. ಕೊಳ್ಳುವ ಅವಕಾಶ ಒಪ್ಪಂದದಲ್ಲಿರಲಿಲ್ಲ. ಈ ಒಂದು ಷರತ್ತಿನ ಭಾರ ಮುಂದೆ ತಿಳಿಯಿತು.

ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು. ಆಜ್ಞೆ ಸಡಿಲವಾಗುತ್ತಾ ಬಂದು 2003ರಲ್ಲಿ ಇನ್ನಷ್ಟು ಕರಗಿತು. ಬಾಡಿಗೆದಾರರಿಂದ ಕಾರುಗಳನ್ನು ಹಿಂಪಡೆಯಲಾಯಿತು. ಆ ವರ್ಷದ ಜುಲೈಯಲ್ಲಿ ಹಾಲಿವುಡ್‌ನ ಸ್ಮಶಾನವೊಂದರಲ್ಲಿ ಅಭಿಮಾನಿಗಳು ಕಾರಿಗೆ ಅಣಕು ಅಂತ್ಯಕ್ರಿಯೆಯನ್ನೇ ನಡೆಸಿದರು. 2005ರ ಆರಂಭದಲ್ಲಿ ಬರ್ಬ್ಯಾಂಕ್‌ನ ಒಂದು ಅಂಗಳದಲ್ಲಿ ಉಳಿದಿದ್ದ 78 ಕಾರುಗಳ ಮುಂದೆ ಹಗಲಿರುಳು ಕಾವಲು ಕುಳಿತರು. ಎಲ್ಲವನ್ನೂ ಸೇರಿಸಿ 19 ಲಕ್ಷ ಡಾಲರ್ ಕೊಡುತ್ತೇವೆ ಎಂದರು. ಕಂಪೆನಿ ಒಪ್ಪಲಿಲ್ಲ. ಹೆಚ್ಚಿನ ಕಾರುಗಳು ಜಜ್ಜುವ ಯಂತ್ರದ ಪಾಲಾದವು.

ಉಳಿದವು ಸುಮಾರು 40. ಇವನ್ನು ವಸ್ತುಸಂಗ್ರಹಾಲಯಗಳಿಗೂ ಕಾಲೇಜುಗಳಿಗೂ ದಾನ ಮಾಡಲಾಯಿತು. ಕೊಡುವ ಮುನ್ನ ಅವುಗಳ ಚಾಲನಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಲಾಯಿತು. ಮತ್ತೆ ರಸ್ತೆಗೆ ಇಳಿಸಬಾರದೆಂಬ ಕರಾರೂ ಇತ್ತು. ಸಂಪೂರ್ಣವಾಗಿ ಕೊಟ್ಟದ್ದು ಒಂದನ್ನು ಮಾತ್ರ, ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಗೆ. ಅದಾದರೂ ಗಾಜಿನ ಮರೆಯ ಬದುಕೇ ತಾನೇ?

ಬಿಡಿಭಾಗಗಳು ಸಿಗುವುದಿಲ್ಲ, ರಿಪೇರಿಯಿಲ್ಲದ ಕಾರಿನಿಂದ ಅಪಾಯವಾದರೆ ಹೊಣೆ ನಮ್ಮದಾಗುತ್ತದೆ ಎಂದು ಕಂಪೆನಿ ಹೇಳಿತು. ಈ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆವು. ಒಂದು ಸಾವಿರ ಕಾರುಗಳಿಗಾಗಿ ವರ್ಷಾನುಗಟ್ಟಲೆ ಬಿಡಿಭಾಗ ಒದಗಿಸುವುದು ಯಾರಿಗೂ ಹೊರೆಯೇ. ಆದರೆ ಅಪಾಯ ನಮ್ಮದೇ ಎಂದು ಬರೆದುಕೊಡಲು ಸಿದ್ಧರಿದ್ದವರ ಕೈಗೂ ಕೊಡದೆ ಹೋದದ್ದೇಕೆ? ಮೇಲಾಗಿ, ಕಾಲೇಜಿಗೆ ಕೊಟ್ಟದ್ದು ಹುಡುಗರು ಕಲಿಯಲೆಂದು. ಓಡದ ಮೋಟಾರಿನಿಂದ ಅವರು ಕಲಿಯುವುದು ಅರ್ಧ ಪಾಠ. ಕೊಟ್ಟ ಮೇಲೂ ವಸ್ತುವಿನ ಮೇಲಿನ ಹಿಡಿತ ಬಿಡದ ಇದನ್ನು ದಾನ ಎನ್ನಲು ನಮಗೆ ನಾಲಿಗೆ ಬರುವುದಿಲ್ಲ. 2006ರಲ್ಲಿ ಬಂದ 'ಹೂ ಕಿಲ್ಡ್ ದಿ ಎಲೆಕ್ಟ್ರಿಕ್ ಕಾರ್?' ಎಂಬ ಸಾಕ್ಷ್ಯಚಿತ್ರ ಈ ಕಾರುಗಳ ಕಥೆಯನ್ನು ಲೋಕಕ್ಕೆ ತಿಳಿಸಿತು.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಇವಿ1ರ ಮೂಲ, 1987ರಲ್ಲಿ ಆಸ್ಟ್ರೇಲಿಯಾವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ಸ್ಪರ್ಧೆ ಗೆದ್ದ ಜನರಲ್ ಮೋಟಾರ್ಸ್‌ನ ಸೌರ ಕಾರಿನಲ್ಲಿದೆ. 1990ರಲ್ಲಿ ಅದೇ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂದ ಮಿಚಿಗನ್ ವಿಶ್ವವಿದ್ಯಾನಿಲಯದ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು. ಮುಂದೆ ಅವರು ಕಟ್ಟಿದ 'ರೇವಾ' 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂತು. 2004ರಿಂದ 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಿತು. 2010ರಲ್ಲಿ ಕಂಪೆನಿಯ ಹೆಚ್ಚಿನ ಪಾಲು ಮಹೀಂದ್ರಾ ಕೈಸೇರಿತು.

ಇವಿ1ರ ಮುಂದೆ ರೇವಾ ಆಟಿಕೆಯಂತೆ ಕಾಣಬಹುದು. ಎಂಟು ಸೀಸದ ಬ್ಯಾಟರಿ, ಹಿಂದೆ ಮಕ್ಕಳಿಗಷ್ಟೇ ಸಾಲುವ ಜಾಗ. ಆದರೆ ಅದನ್ನು ಮಾರಿದ್ದರು. ಕೊಂಡವರು ಬ್ಯಾಟರಿ ಸತ್ತಾಗ ಹೊಸದು ಹಾಕಿಸಬಹುದಿತ್ತು, ಬೇಡವೆಂದರೆ ಮಾರಬಹುದಿತ್ತು, ಊರಿನ ಐಟಿಐಗೆ ಕೊಟ್ಟು ಹುಡುಗರ ಕೈಯಲ್ಲಿ ಬಿಚ್ಚಿಸಿ ಮತ್ತೆ ಜೋಡಿಸಿ ಓಡಿಸಿ ನೋಡಿ ಎನ್ನಬಹುದಿತ್ತು. ಅದಕ್ಕೆ ಯಾವ ಕಂಪೆನಿಯ ಅಪ್ಪಣೆಯೂ ಬೇಕಿರಲಿಲ್ಲ.